ಕಲ್ಲುಸಕ್ಕರೆ ಕರಗುವವರೆಗೆ

ಗುಬ್ಬಿ
9 ಜೂನ್ 2024

ಭದ್ರಣ್ಣನವರಿಗೆ, ಪ್ರಮೀಳಾ ಮಾಡುವ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ, ಯಾರ ಮದುವೆಯೂ ಇಲ್ಲ, ನನ್ನ ಮೊಬೈಲ್ ಕೆಟ್ಟಿಲ್ಲ. ಹೋದ ವಾರ ನಾವಿಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆವಲ್ಲ, ಅದರ ಪ್ರಭಾವ ಇದು. ಕೊಬ್ಬರಿ ರೇಟಿನ ಮೇಲೆ ನೀವು ತಮಾಷೆ ಮಾಡಿದಿರಿ, ನಾನು ನಕ್ಕೆ. ಮಳೆಯ ಮೇಲೆ ನಾನು ತಮಾಷೆ ಮಾಡಿದೆ, ನೀವು ನಕ್ಕಿರಿ. ನಡುವೆ ನೀವು "ಈಗ ಸಮಯ ಏಳು ಗಂಟೆ ಐವತ್ತು ನಿಮಿಷ" ಅಂದಿರಿ. ಆಗ ಸಂಜೆಯಾಗಿತ್ತು ಭದ್ರಣ್ಣ, ಇನ್ನೂ ಆರು ಹೊಡೆದಿರಲಿಲ್ಲ.

ಫೋನ್ ಇಟ್ಟ ಮೇಲೆ ನಮ್ಮ ಯಜಮಾನರು ಮೋಹನ್ ಕೇಳಿದರು, "ಭದ್ರಣ್ಣ ಹೆಂಗವ್ರಂತೆ?" ನಾನು ಕೇಳಿರಲಿಲ್ಲ, ನೀವೂ ಹೇಳಿರಲಿಲ್ಲ. ಹನ್ನೊಂದು ವರ್ಷ ಬೆಳಬೆಳಗ್ಗೆ ಒಂದೇ ಮೇಜಿನ ಮುಂದೆ ಕೂತು ರೇಡಿಯೊದಲ್ಲಿ 'ಕಟ್ಟೆ ಮಾತು' ನಡೆಸಿದ ನಾವು ಫೋನ್ ಎತ್ತಿದರೆ ಸಾಕು, ಪ್ರೋಗ್ರಾಂ ಶುರು ಮಾಡಿಬಿಡುತ್ತೇವೆ. ಎದುರಿಗೆ ಕೇಳುವವರು ಯಾರೂ ಇಲ್ಲ ಅನ್ನುವುದು ಇಬ್ಬರಿಗೂ ನೆನಪಿರುವುದಿಲ್ಲ. ಕಾಗದದಲ್ಲಿ ಆ ಭಯವಿಲ್ಲ. ಇನ್ನು ಮೇಲೆ ಹೀಗೇ.

ಸ್ಟೇಷನ್ನಿನವರು ಶುಕ್ರವಾರ ಸಂಜೆ ಕರೆದು "ಸೋಮವಾರದಿಂದ ಕಂಪ್ಯೂಟರೇ ಹಾಡು ಹಾಕುತ್ತೆ" ಅಂದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕೆಲಸ ಹೋಗಿದ್ದಕ್ಕಿಂತ ಹೆಚ್ಚಾಗಿ, ಕೇಳುಗರಿಗೆ ಒಂದು ನಮಸ್ಕಾರ ಹೇಳಲು ಬಿಡಲಿಲ್ಲ ಅಂತ. ಈಗ ಬಸ್ಸಿನಲ್ಲಿ ನಾನು "ತುಮಕೂರು" ಅಂದರೆ ಸಾಕು, ಕಂಡಕ್ಟರ್ ಹಿಡಿದುಕೊಳ್ಳುತ್ತಾನೆ: "ನೀವು ರೇಡಿಯೊ ಪ್ರಮೀಳಕ್ಕ ಅಲ್ವ್ರಾ? ಯಾಕ್ರಕ್ಕಾ ನಿಲ್ಸ್‌ಬುಟ್ರಿ?" ಬಸ್ಸೆಲ್ಲ ತಿರುಗಿ ನೋಡುತ್ತದೆ. ಅದಕ್ಕೆ ಈಗ ಬಾಯಿ ಬಿಡುವುದೇ ಇಲ್ಲ. ಆಧಾರ್ ಕಾರ್ಡ್ ತೋರಿಸಿ ಬೆರಳನ್ನು ಮುಂದಕ್ಕೆ ಚಾಚುತ್ತೇನೆ. ಮೊನ್ನೆ ಪಾಪ, ನನ್ನನ್ನು ಮೂಗಿ ಅಂದುಕೊಂಡು ಒಬ್ಬ ಸೀಟು ಬಿಟ್ಟುಕೊಟ್ಟ.

ತುಮಕೂರಿಗೆ ಯಾಕೆ ಹೋಗುತ್ತಿದ್ದೇನೆ ಅಂದರೆ, ಒಂದು ಕೆಲಸ ಸಿಕ್ಕಿದೆ. ಎಸ್.ಎಸ್. ಪುರಂನಲ್ಲಿ ಹೆಂಗಸರಿಗಾಗಿ ಒಂದು ಸಹಾಯವಾಣಿ ಇದೆ. ಮನೆಯಲ್ಲಿ ಕಷ್ಟ ಇರುವವರು ಫೋನ್ ಮಾಡುತ್ತಾರೆ, ನಾವು ಕೇಳಬೇಕು, ದಾರಿ ತೋರಿಸಬೇಕು. ಫೋನು, ಹೆಡ್‌ಫೋನು, ಎಲ್ಲ ನಮ್ಮದೇ ಸಾಮಾನು. ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೇನೆ.

ನೀವು ಹೇಗಿದ್ದೀರಿ? ನಿಜ ಹೇಳಿ.

ನಿಮ್ಮ ತಂಗಿ
ಪ್ರಮೀಳಾ


ಕುಣಿಗಲ್
22 ಜೂನ್ 2024

ಪ್ರಮೀಳಾ ತಾಯಿ,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಕೊಡುವಾಗ "ಕೋರ್ಟ್‌ದಾ ಸಾರ್?" ಅಂತ ಕೇಳಿದ. ಅಷ್ಟು ಅಪರೂಪವಾಗಿದೆ ಈ ವ್ಯವಹಾರ.

ನಿಜ ಹೇಳು ಅಂದಿದ್ದೀಯ, ಹೇಳುತ್ತೇನೆ. ಚೆನ್ನಾಗಿಲ್ಲ. ಬೆಳಗ್ಗೆ ನಾಲ್ಕೂವರೆಗೇ ಎಚ್ಚರವಾಗುತ್ತದೆ. ಎದ್ದು, ಮುಖ ತೊಳೆದು, ಗಂಟಲಿಗೆ ಬಿಸಿನೀರು ಹಾಕಿ, ಆಮೇಲೆ ಏನು ಮಾಡಬೇಕೋ ತಿಳಿಯದೆ ಕೂರುತ್ತೇನೆ. ಭಾಮೈದ ರವೀಶನ ಗೊಬ್ಬರದ ಅಂಗಡಿಗೆ ಹೋಗುತ್ತಿದ್ದೇನೆ. ಜನ ಬರುತ್ತಾರೆ, ನನ್ನ ದನಿ ಕೇಳುತ್ತಾರೆ, ಸಂತೋಷಪಡುತ್ತಾರೆ, ಗೊಬ್ಬರವನ್ನು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಾರೆ. ರವೀಶ ಬಾಯಿಬಿಟ್ಟು ಏನೂ ಅಂದಿಲ್ಲ. ಆದರೆ ಮೊನ್ನೆ "ಭಾವ, ನೀವು ಗೋಡೌನ್ ಕಡೆ ಕೂತ್ಕಳಿ, ತಂಪಾಗಿರ್ತದೆ" ಅಂದ.

ಇನ್ನೊಂದು ಸಂಗತಿ. ನಮ್ಮ ದೂರದ ನೆಂಟರೊಬ್ಬರ ಶಿವಗಣಾರಾಧನೆಗೆ ಹೋಗಿದ್ದೆ. ಸ್ವಾಮಿಗಳ ಕಾರು ದಾರಿಯಲ್ಲಿ ಕೆಟ್ಟು ತಡವಾಯಿತು. ಜನ ಹಸಿದು ಕೂತಿದ್ದರು. ಯಾರೋ ಮೈಕು ತಂದು ಕೈಗಿಟ್ಟು "ರೇಡಿಯೊದೋರು ಇದೀರ, ಎರಡು ಮಾತಾಡಿ" ಅಂದರು. ಸತ್ತವರು ನನಗೆ ಅಷ್ಟೇನೂ ಗೊತ್ತಿಲ್ಲ. ಮುಂದೆ ಕೂತಿದ್ದ ಮೊಮ್ಮಗಳನ್ನು ಕೇಳಿದೆ, "ನಿಮ್ಮ ತಾತ ಯಾವುದಕ್ಕೆ ಬೈತಿದ್ರಮ್ಮ?" ಆ ಹುಡುಗಿ, "ಲೈಟ್ ಆಫ್ ಮಾಡ್ದೆ ಆಚೆ ಹೋದ್ರೆ" ಅಂದಳು. ಅಷ್ಟು ಸಾಕಾಯಿತು. ಒಬ್ಬೊಬ್ಬರೂ ಅವರಿಂದ ಬೈಸಿಕೊಂಡಿದ್ದನ್ನು ಹೇಳುತ್ತಾ ಹೋದರು. ಅತ್ತರು, ನಕ್ಕರು. ಈಗ ಇನ್ನೆರಡು ಮನೆಯವರು ತಮ್ಮಲ್ಲಿಗೂ ಬಂದು ಮಾತಾಡಿ ಅಂತ ಕರೆದಿದ್ದಾರೆ. ನಮ್ಮ ಮನೆಯಾಕೆ ಮಂಗಳಾ, "ಇಷ್ಟು ದಿನ ಬದುಕಿರೋರ ತಲೆ ತಿಂದ್ರಿ, ಇನ್ಮೇಲೆ ಸತ್ತೋರದು" ಅನ್ನುತ್ತಾಳೆ. ಹೋಗಲೋ ಬೇಡವೋ, ನೀನೇ ಹೇಳು.

ಆಶೀರ್ವಾದಗಳು.
ವೀರಭದ್ರಯ್ಯ


ಗುಬ್ಬಿ
14 ಜುಲೈ 2024

ಭದ್ರಣ್ಣ,

ಕಣ್ಣು ಮುಚ್ಚಿಕೊಂಡು ಹೋಗಿ. ಸತ್ತವರನ್ನು ಎಲ್ಲರೂ ಹೊಗಳುತ್ತಾರೆ. ಅವರು ಯಾವುದಕ್ಕೆ ಬೈಯುತ್ತಿದ್ದರು ಅಂತ ಕೇಳುವವರು ಈ ಜಿಲ್ಲೆಯಲ್ಲಿ ನೀವೊಬ್ಬರೇ. ಗೋಡೌನಿನಲ್ಲಿ ಕೂತರೆ ನೀವು ಯೂರಿಯಾ ಮೂಟೆಯ ಜೊತೆ ಮಾತಾಡಲು ಶುರು ಮಾಡುತ್ತೀರಿ.

ನನ್ನ ಕೆಲಸದ ಕಥೆ ಕೇಳಿ. ನೀರು ಕುಡಿದಷ್ಟು ಸುಲಭ ಅಂದಿದ್ದೆನಲ್ಲ, ಆ ನೀರು ನೆತ್ತಿಗೆ ಹತ್ತಿದೆ. ಮೊದಲ ದಿನ ಮೊದಲ ಫೋನು. "ನಮಸ್ಕಾರ, ಹೇಳಿ" ಅಂದೆ. ಆ ಕಡೆಯಿಂದ ಒಂದು ಹೆಣ್ಣು ದನಿ: "ಅಯ್ಯೋ, ಇದು ಪ್ರಮೀಳಕ್ಕ ಅಲ್ವಾ? ಇದೆಲ್ಲ ರೇಡಿಯೊದಲ್ಲಿ ಬರ್ತದಾ?" ಇಲ್ಲಮ್ಮ ಅನ್ನುವಷ್ಟರಲ್ಲಿ ಕಟ್. ಎರಡನೆಯವಳೂ ಹಾಗೇ. ಮೂರನೆಯವಳು ಮಾತ್ರ ಸ್ವಲ್ಪ ಧೈರ್ಯಸ್ಥೆ, "ಅಕ್ಕಾ, ನಿಮ್ ದನಿ ಕೇಳಿ ಎಷ್ಟು ದಿನ ಆಯ್ತು, ಆದ್ರೆ ನಿಮ್ಗೆ ಹೇಳಲ್ಲ ಕಣಕ್ಕಾ" ಅಂತ ಹೇಳಿಯೇ ಇಟ್ಟಳು.

ಹೆಸರು ಬದಲಾಯಿಸಿ 'ಸರೋಜಾ' ಅಂದುಕೊಂಡೆ, ದನಿ ಇಳಿಸಿದೆ. ಅದಕ್ಕೆ ಒಬ್ಬಾಕೆ "ಯಾಕ್ ಪ್ರಮೀಳಕ್ಕ, ಗಂಟ್ಲು ಕಟ್ಟಿದ್ಯಾ?" ಅಂತ ಶುಂಠಿ ಕಷಾಯ ಮಾಡುವುದನ್ನು ಹೇಳಿಕೊಟ್ಟಳು.

ಯಾವ ದನಿಯನ್ನು ಜನ ಇಷ್ಟು ವರ್ಷ ಪ್ರೀತಿಸಿದರೋ ಅದೇ ಈಗ ಅಡ್ಡ ನಿಂತಿದೆ. ನಮಗೆ ಹೇಳಿದ್ದೆಲ್ಲ ಜಿಲ್ಲೆಗೆಲ್ಲ ಕೇಳಿಸುತ್ತಿತ್ತಲ್ಲ ಭದ್ರಣ್ಣ. ಅದು ಅವರ ತಲೆಯಲ್ಲಿ ಕೂತುಬಿಟ್ಟಿದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಯಾರಾದರೂ ಅಪ್ಪಿತಪ್ಪಿ ಮಾತು ಶುರು ಮಾಡಿ ನಡುವೆ ನಿಲ್ಲಿಸಿದರೆ ನನಗೆ ತಡೆಯಲು ಆಗುವುದಿಲ್ಲ. ಸ್ಟುಡಿಯೋದಲ್ಲಿ ಒಂದು ಕ್ಷಣ ಮೌನವಾದರೆ ಆಚೆ ರೂಮಿನಿಂದ ಗಾಜು ಬಡಿಯುತ್ತಿದ್ದರಲ್ಲ, ಆ ಬಡಿತ ಇನ್ನೂ ಕಿವಿಯಲ್ಲಿದೆ. ಒಬ್ಬಳು "ನಮ್ಮತ್ತೆ..." ಅಂತ ನಿಲ್ಲಿಸಿದಳು. ನಾನು ತಟ್ಟನೆ "ಅತ್ತೆ ಅಂದ್ರೆ ಹಂಗೇ ಬಿಡಮ್ಮ, ನಮ್ಮನೇಲೂ ಒಬ್ರಿದ್ರು" ಅಂದೆ. ಅವಳು ನಕ್ಕಳು. ನಕ್ಕು, ಏನೂ ಹೇಳದೆ ಫೋನ್ ಇಟ್ಟಳು. ನಮ್ಮ ಆಫೀಸಿನ ಸುಧಾ ಮೇಡಂ ಪಕ್ಕದಲ್ಲೇ ಇದ್ದರು. "ಅವಳು ನಗೋಕೆ ಫೋನ್ ಮಾಡಿರ್ಲಿಲ್ಲ ಪ್ರಮೀಳಾ" ಅಂದರು. ದೀಪಾವಳಿಯವರೆಗೆ ನೋಡೋಣ, ಆಗದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಅಂತಲೂ ಅಂದರು.

ನನಗೆ ಈ ಕೆಲಸ ಬೇಕು. ಸಂಬಳಕ್ಕೂ ಬೇಕು, ಅದು ಬೇರೆ ಮಾತು. ಅವಳು ಹೇಳದೆ ಇಟ್ಟ ಮಾತು ಏನಿತ್ತೋ ಅಂತ ನನಗೆ ಊಟ ಸೇರುತ್ತಿಲ್ಲ.

ಪ್ರಮೀಳಾ


ಕುಣಿಗಲ್
6 ಆಗಸ್ಟ್ 2024

ತಾಯಿ,

ನಿನ್ನದು ಏನೂ ತಪ್ಪಲ್ಲ. ತಪ್ಪು ಅಂದರೆ ಏನು ಅಂತ ನಾನು ಹೇಳುತ್ತೇನೆ, ಕೇಳು.

ಹೋದ ಭಾನುವಾರ ಹುಲಿಯೂರುದುರ್ಗದ ಕಡೆ ಪಂಚಾಕ್ಷರಯ್ಯ ಅನ್ನುವ ತೆಂಗಿನಕಾಯಿ ವ್ಯಾಪಾರಿಯ ಆರಾಧನೆ. ಶಾಮಿಯಾನ, ಫೋಟೊಗೆ ಹಾರ, ಊದುಬತ್ತಿ, ಮುಂದಿನ ಸಾಲಿನಲ್ಲಿ ಸ್ವಾಮಿಗಳು. ನಾನು ಬಹಳ ಚೆನ್ನಾಗಿ ಮಾತಾಡುತ್ತಿದ್ದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪ್ರಸಾದಕ್ಕೆ ಹೊತ್ತಾಯಿತು ಅಂತ ಮಗ ಸನ್ನೆ ಮಾಡಿದ. ನಾನು ಸತ್ತವರ ಫೋಟೊ ಕಡೆ ತಿರುಗಿ, ಕೈ ಮುಗಿದು, ತುಂಬು ಕಂಠದಿಂದ ಏನಂದೆ ಗೊತ್ತಾ? "ಒಂದು ಪುಟ್ಟ ವಿರಾಮದ ನಂತರ ಮತ್ತೆ ಸಿಗೋಣ, ಎಲ್ಲೂ ಹೋಗ್ಬೇಡಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಗ ಆ ತಾಯಿ, ಸತ್ತವರ ಹೆಂಡತಿ, ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡತೊಡಗಿದರು. ಅಳುತ್ತಿದ್ದಾರೆ ಅಂತ ಎಲ್ಲ ಓಡಿದರೆ, ನಗುತ್ತಿದ್ದಾರೆ! "ನೀವು ರೇಡಿಯೊದಲ್ಲಿ ಹಿಂಗಂದಾಗ್ಲೆಲ್ಲ ನಮ್ಮನೆಯೋರು 'ಥೂ ಇವ್ನ' ಅಂತ ಬೈಕಂಡು ಹಾಲು ಕರಿಯಕ್ ಹೋಗೋರು" ಅಂದರು. ಸ್ವಾಮಿಗಳೂ ನಕ್ಕರು. ಆಮೇಲಿನಿಂದ ಕರೆಗಳು ಹೆಚ್ಚಾಗಿವೆ. ಗೋಡೌನು ಬಿಟ್ಟೆ. ರವೀಶ ಒಂದು ಬಿಳಿ ಜುಬ್ಬ ಹೊಲಿಸಿಕೊಟ್ಟ. ನನ್ನ ಮೇಲಿನ ಪ್ರೀತಿಗೋ, ಅಂಗಡಿ ಬಿಟ್ಟ ಸಂತೋಷಕ್ಕೋ ಗೊತ್ತಿಲ್ಲ.

ನಿನ್ನ ವಿಷಯ. ಜನಕ್ಕೆ ಮನೆಯವಳು ಅನಿಸುವ ಹಾಗೆ ನಿನ್ನ ಕಥೆಯನ್ನೇ ಮೊದಲು ಹೇಳು, ಅವರೂ ಹೇಳುತ್ತಾರೆ. ನಾನು ಮಾಡುತ್ತಿದ್ದದ್ದೇ ಅದು. ಮಗಳು ದೀಪಿಕಾಳ ಹಲ್ಲು ಬಿದ್ದಿದ್ದು, ಪಿಯುಸಿಯಲ್ಲಿ ಮ್ಯಾಥ್ಸ್ ಹೋಗಿದ್ದು, ಅಳಿಯ ಚನ್ನೇಶ ಹೆಣ್ಣು ನೋಡಲು ಬಂದು ಕಾಫಿ ಚೆಲ್ಲಿಕೊಂಡಿದ್ದು, ಒಂದಾದರೂ ಬಿಟ್ಟೆನೇ? ಮದುವೆಗೆ ಕರೆಯದವರೂ ಇನ್ನೂರು ಜನ ಬಂದರು! ಈಗಲೂ ತುಮಕೂರಿನಲ್ಲಿ ತರಕಾರಿಗೆ ಹೋದರೆ "ಮ್ಯಾಥ್ಸ್ ಪಾಸಾಯ್ತೇನವ್ವಾ?" ಅಂತ ಅವಳನ್ನು ಕೇಳುತ್ತಾರಂತೆ. ಎಂಥ ಅಳಿಯ ಅಂತ ಜಿಲ್ಲೆಗೇ ಹೇಳಿದ್ದೇನೆ, ಅದಕ್ಕೆ ತಕ್ಕ ಹಾಗೇ ಇದ್ದಾನೆ.

ವೀರಭದ್ರಯ್ಯ


ಗುಬ್ಬಿ
1 ಸೆಪ್ಟೆಂಬರ್ 2024

ಭದ್ರಣ್ಣ,

ಎಲ್ಲೂ ಹೋಗ್ಬೇಡಿ ಅಂತ ಸತ್ತವರಿಗೆ ಹೇಳಿದಿರಾ! ಓದಿ ನಾನು, ಮೋಹನ್ ಇಬ್ಬರೂ ಉಸಿರು ಕಟ್ಟುವಷ್ಟು ನಕ್ಕೆವು. ಅವರು ಕಂಬದ ಮೇಲೆ ನೆನೆಸಿಕೊಂಡರೆ ಕಷ್ಟ, ಲೈನ್‌ಮ್ಯಾನ್ ಹೆಂಡತಿಗೆ ಇಂಥ ಕಾಗದ ಬರೆಯಬೇಡಿ.

ನಿಮ್ಮ ಸಲಹೆ ಇಲ್ಲಿ ನಡೆಯುವುದಿಲ್ಲ. ನಾನು ನನ್ನ ಕಥೆ ಹೇಳಿದರೆ ಅವರು ನನ್ನ ಕಥೆ ಕೇಳಿಕೊಂಡು ಫೋನ್ ಇಡುತ್ತಾರೆ. ಸುಧಾ ಮೇಡಂ ಒಂದು ಔಷಧಿ ಕೊಟ್ಟಿದ್ದಾರೆ. ಒಂದು ಡಬ್ಬಿ ಕಲ್ಲುಸಕ್ಕರೆ. "ಹೇಳಿ ಅಂದ ತಕ್ಷಣ ಒಂದು ಬಾಯಿಗೆ ಹಾಕ್ಕೊಳಿ. ಅದು ಕರಗೋವರ್ಗೂ ಮಾತಾಡಂಗಿಲ್ಲ. ಕಡೀಲೂಬಾರ್ದು." ಮೊದಲ ವಾರ ನಾಲ್ಕು ಹರಳು ಕಟಕಟ ಕಡಿದು ನುಂಗಿದೆ. ಹಲ್ಲು ನೋವು ಬಂತು, ಅಭ್ಯಾಸ ಬರಲಿಲ್ಲ. ಈಗ ಸ್ವಲ್ಪ ಪರವಾಗಿಲ್ಲ. ದನಿ ಗುರುತು ಹಿಡಿದು ಇಡುವವರು ಇಡುತ್ತಲೇ ಇದ್ದಾರೆ. ಆದರೆ ಇಡುವ ಮುಂಚೆ ಸ್ವಲ್ಪ ಯೋಚಿಸುತ್ತಾರೆ.

ನಿಮಗೂ ಒಂದು ಹಿಡಿ ಪ್ಯಾಕೆಟ್ ಮಾಡಿ ಇದರ ಜೊತೆಗೆ ಕಳಿಸಿದ್ದೇನೆ. ಇರುವೆ ಮುತ್ತುವ ಮುಂಚೆ ತಲುಪಿದರೆ ಜುಬ್ಬದ ಜೇಬಿನಲ್ಲಿಟ್ಟುಕೊಳ್ಳಿ. ಪುಟ್ಟ ವಿರಾಮ ಬಾಯಿಗೆ ಬಂದಾಗ ಉಪಯೋಗಕ್ಕೆ ಬರುತ್ತದೆ. ನಿಮ್ಮ ಶುಗರ್ ಮರೆತಿಲ್ಲ, ಒಂದು ಹರಳಿಗಿಂತ ಹೆಚ್ಚು ಬೇಡ.

ಮಂಗಳಕ್ಕನಿಗೆ ನಮಸ್ಕಾರ.

ಪ್ರಮೀಳಾ


ಗುಬ್ಬಿ
29 ಸೆಪ್ಟೆಂಬರ್ 2024

ಭದ್ರಣ್ಣ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಈ ವಾರ ಮೊದಲ ಬಾರಿಗೆ ಒಬ್ಬರು ನನ್ನ ದನಿ ಗೊತ್ತಾದರೂ ಫೋನ್ ಇಡಲಿಲ್ಲ. ಕಲ್ಲುಸಕ್ಕರೆ ಕರಗಿತು, ಇನ್ನೊಂದು ಹಾಕಿಕೊಂಡೆ, ಅದೂ ಕರಗಿತು. ಆಮೇಲೆ ಅವರು ಮಾತಾಡಿದರು.

ಇಷ್ಟೇ. ಮುಂದೆ ಕೇಳಬೇಡಿ.

ಪ್ರಮೀಳಾ


ಕುಣಿಗಲ್
13 ಅಕ್ಟೋಬರ್ 2024

ತಾಯಿ,

ಭೇಷ್! ಕಲ್ಲುಸಕ್ಕರೆ ತಲುಪಿತು. ಪೋಸ್ಟಾಫೀಸಿನ ಇರುವೆಗಳಿಗೂ ಅರ್ಧ ಪಾಲು ಹೋಗಿದೆ. ಮಿಕ್ಕಿದ್ದು ಜುಬ್ಬದ ಜೇಬಿನಲ್ಲಿದೆ, ಇನ್ನೂ ಬಾಯಿಗೆ ಹಾಕಿಲ್ಲ. ನನಗೆ ಯಾಕೆ ಬೇಕು ಅದು?

ಮುಂದೆ ಕೇಳಬೇಡಿ ಅಂದರೆ ಏನರ್ಥ? ಯಾರು, ಯಾವೂರು, ಏನು ಕಥೆ? ಹೆಸರು ಬೇಡ ಬಿಡು, ಕಥೆ ಹೇಳು. ಹನ್ನೊಂದು ವರ್ಷ ನಮ್ಮಿಬ್ಬರಿಗೂ ಇದ್ದದ್ದು ಒಂದೇ ಟೀ ಫ್ಲಾಸ್ಕು. ನಿನ್ನ ಅತ್ತೆ ಜಗಳ ನನಗೆ ಗೊತ್ತು, ನನ್ನ ಶುಗರ್ ರಿಪೋರ್ಟ್ ನಿನಗೆ ಗೊತ್ತು. ನನ್ನನ್ನು ಪರಕೀಯನನ್ನಾಗಿ ಮಾಡಬೇಡ.

ಇನ್ನೊಂದು. ದೀಪಿಕಾ ಯಾಕೋ ಫೋನ್ ಮಾಡುವುದು ಕಡಿಮೆ ಮಾಡಿದ್ದಾಳೆ. ಮಾಡಿದರೂ "ಚೆನ್ನಾಗಿದೀನಪ್ಪ, ಅಮ್ಮಂಗೆ ಕೊಡು" ಅನ್ನುತ್ತಾಳೆ. ಸ್ಕೂಲಿನ ಕೆಲಸ ಬಿಟ್ಟಳಂತೆ. ಯಾಕೆ ಅಂದರೆ, ಬೇಜಾರಾಯ್ತು ಅಂದಳು. ಚನ್ನೇಶನನ್ನು ಕೇಳಿದರೆ "ಮನೇಲಿ ರೆಸ್ಟ್ ತಗೊಳ್ಲಿ ಬುಡಿ ಮಾವ" ಅಂತ ನಗುತ್ತಾನೆ. ನೀನು ಹೇಗೂ ದಿನಾ ತುಮಕೂರಿಗೆ ಹೋಗುತ್ತೀಯ. ಒಂದು ಸಂಜೆ ಅವಳ ಮನೆಗೆ ಹೋಗಿ ನೋಡಿಕೊಂಡು ಬಾ. ನಿನ್ನ ಹತ್ತಿರ ಅವಳು ಏನಾದರೂ ಹೇಳಿದರೆ ನನಗೆ ಬರಿ.

ವೀರಭದ್ರಯ್ಯ


ಗುಬ್ಬಿ
24 ಅಕ್ಟೋಬರ್ 2024

ಭದ್ರಣ್ಣನವರಿಗೆ ನಮಸ್ಕಾರ.

ಇಲ್ಲಿ ಮಳೆ ಜೋರಾಗಿದೆ. ಚೇಳೂರಿನಲ್ಲಿ ನಮ್ಮ ಅಣ್ಣನ ರಾಗಿ ಹೊಲ ಅರ್ಧ ಮಲಗಿದೆ. ಹುಚ್ಚೆಳ್ಳು ಚಟ್ನಿಪುಡಿ ಮಾಡಿದ್ದೇನೆ, ಮಂಗಳಕ್ಕನಿಗೆ ಇಷ್ಟ ಅಂತ ಒಂದು ಡಬ್ಬಿ ಎತ್ತಿಟ್ಟಿದ್ದೇನೆ. ಯಾರಾದರೂ ಕುಣಿಗಲ್ ಕಡೆ ಬರುವವರಿದ್ದರೆ ಕಳಿಸುತ್ತೇನೆ.

ದೀಪಿಕಾಳ ಮನೆಗೆ ಹೋಗಲು ನನಗೆ ಆಗುವುದಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ. ತಪ್ಪು ತಿಳಿಯಬೇಡಿ.

ಆ ಫೋನಿನ ಕಥೆಯನ್ನು ನಾನು ಹೇಳುವುದಿಲ್ಲ. ನಿಮಗೂ ಹೇಳುವುದಿಲ್ಲ. ನೀವು ನನಗೆ ಅಣ್ಣ ಅಲ್ಲ ಅಂತಲ್ಲ.

ಆರೋಗ್ಯ ನೋಡಿಕೊಳ್ಳಿ. ಮಾತ್ರೆ ಮರೆಯಬೇಡಿ.

ಪ್ರಮೀಳಾ


ಕುಣಿಗಲ್
11 ನವೆಂಬರ್ 2024

ಪ್ರಮೀಳಾ,

ನಿನಗೆ ಗೊತ್ತಿತ್ತು.

ದೀಪಾವಳಿಗೆ ಮಗಳು ಬರಲಿಲ್ಲ. ಹೋದ ಬುಧವಾರ ಅವಳೇ ಫೋನ್ ಮಾಡಿ "ಅಪ್ಪಾ, ಬಂದು ಕರ್ಕೊಂಡ್ಹೋಗು" ಅಂದಳು. ಕರೆದುಕೊಂಡು ಬಂದೆ. ಅವನು ಕೈ ಎತ್ತುತ್ತಿದ್ದನಂತೆ. ಫೋನು ಅವನ ಹತ್ತಿರವೇ ಇರುತ್ತಿತ್ತಂತೆ. ಸ್ಕೂಲಿನ ಕೆಲಸ ಬಿಡಿಸಿದ್ದೂ ಅವನೇ. ಪಕ್ಕದ ಮನೆಯವರ ಫೋನಿನಿಂದ ಸಹಾಯವಾಣಿಗೆ ಮಾತಾಡಿದಳಂತೆ. ಎತ್ತಿದ್ದು ನೀನಂತೆ.

ಒಂದು ತಿಂಗಳಿಗೂ ಮೇಲೆ ನನ್ನ ಮಗಳು ಆ ಮನೆಯಲ್ಲಿದ್ದಳು. ನಾನು ಕೈ ಮುಗಿಯುವ ಹಾಗೆ ಕೇಳಿದೆ, ಹೋಗಿ ನೋಡು ಅಂತ. ನೀನು ನನಗೆ ಹುಚ್ಚೆಳ್ಳು ಚಟ್ನಿಪುಡಿ ಬಗ್ಗೆ ಬರೆದೆ.

ವೀರಭದ್ರಯ್ಯ


ಗುಬ್ಬಿ
17 ನವೆಂಬರ್ 2024

ಭದ್ರಣ್ಣ,

ಬೈಯಿರಿ. ನಿಮಗೆ ಆ ಹಕ್ಕಿದೆ.

ಅವಳು ನನ್ನ ಹತ್ತಿರ ಏನು ಹೇಳಿದಳು ಅಂತ ಈಗಲೂ ನಾನು ಬರೆಯುವುದಿಲ್ಲ. ಅದು ಅವಳದು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದೂ ಅವಳದೇ. ನಾನು ಮತ್ತು ಸುಧಾ ಮೇಡಂ ಮಾಡಬೇಕಾದದ್ದನ್ನು ಮಾಡಿದೆವು. ಅವಳನ್ನು ಒಂದು ದಿನವೂ ಒಂಟಿಯಾಗಿ ಬಿಟ್ಟಿರಲಿಲ್ಲ, ಅಷ್ಟು ನಂಬಿ.

ನಿಮ್ಮ ಅಕ್ಟೋಬರ್ ಕಾಗದ ಬಂದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ನಾಲ್ಕು ಸಲ ಉತ್ತರ ಬರೆದೆ. ನಾಲ್ಕರಲ್ಲೂ ಅವಳ ಹೆಸರಿತ್ತು. ನಾಲ್ಕನ್ನೂ ಒಲೆಗೆ ಹಾಕಿ, ಕೊನೆಗೆ ಚಟ್ನಿಪುಡಿ ಬಗ್ಗೆ ಬರೆದೆ. ಅದನ್ನು ಮಾಡಿಯೂ ಇರಲಿಲ್ಲ ಭದ್ರಣ್ಣ. ಆಮೇಲೆ ಹುಚ್ಚೆಳ್ಳು ತಂದು ಹುರಿದೆ.

ಸುಧಾ ಮೇಡಂ ನನ್ನನ್ನು ಕೆಲಸದಲ್ಲಿ ಉಳಿಸಿಕೊಂಡಿದ್ದಾರೆ. ಇದನ್ನು ಮೊದಲು ನಿಮಗೆ ಹೇಳಬೇಕು ಅಂತ ಆಸೆಯಿತ್ತು. ಹೀಗೆ ಹೇಳಬೇಕಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ನೀವು ಇನ್ನು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ನಿಮ್ಮ ತಂಗಿ
ಪ್ರಮೀಳಾ


ಕುಣಿಗಲ್
15 ಡಿಸೆಂಬರ್ 2024

ಪ್ರಮೀಳಾ ತಾಯಿ,

ಇಷ್ಟು ದಿನ ಬರೆಯಲಿಲ್ಲ. ಕೋಪ ಒಂದು ವಾರಕ್ಕೇ ಮುಗಿದಿತ್ತು. ಮಿಕ್ಕ ದಿನಗಳು ನಾಚಿಕೆಗೆ ಹೋದವು.

ಮೊದಲು ಒಂದು ಮಾತು. ಇದನ್ನು ಬರೆಯಲಾ ಅಂತ ದೀಪಿಕಾಳನ್ನು ಕೇಳಿದೆ. ಅವಳು "ಪ್ರಮೀಳಕ್ಕಂಗೆ ಆದ್ರೆ ಬರಿ" ಅಂದಳು. ಅವಳ ವಿಷಯ ಹೇಳುವ ಮುಂಚೆ ನಾನು ಅವಳನ್ನು ಕೇಳಿದ್ದು ಇದೇ ಮೊದಲು. ಇಪ್ಪತ್ತಾರು ವರ್ಷದ ಮಗಳು.

ನಿನಗೆ ಆ ಕಾಗದ ಹಾಕಿದ ಮೂರ್ನಾಲ್ಕು ದಿನಕ್ಕೆ ಮಂಗಳಾ ಅವಳನ್ನು ಕೇಳಿದಳು, "ಅಲ್ಲ ಕಣೇ, ಅಪ್ಪಂಗೆ ಒಂದ್ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ದೀಪಿಕಾ ತಟ್ಟೆ ನೋಡಿಕೊಂಡೇ ಅಂದಳು: "ಅಪ್ಪಂಗೆ ಹೇಳಿದ್ರೆ ಜಿಲ್ಲೆಗೇ ಹೇಳಿದಂಗೆ ಅನ್ಕೊಂಡಿದ್ದೆ ಕಣಮ್ಮ. ಮಾರ್ಕೆಟ್ಟಲ್ಲಿ ಮ್ಯಾಥ್ಸ್ ಕೇಳ್ದಂಗೆ ಇದನ್ನೂ ಕೇಳ್ತಾರೆ ಅಂತ." ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಮೂಲಿ ಮಾತಿನ ಹಾಗೆ ಹೇಳಿದಳು, ಉಪ್ಪು ಕೊಡು ಅನ್ನುವ ಹಾಗೆ.

ಮುದ್ದು ಜಾಸ್ತಿಯಾಗಿ ಹೇಳಿಕೊಂಡೆ ತಾಯಿ. ಅವಳೆಂದರೆ ನನಗೆ ಅಷ್ಟು ಹೆಮ್ಮೆ. ಅದು ಅವಳ ಬಾಯಿ ಕಟ್ಟುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ನೀನು ನನಗೆ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗ ಗೊತ್ತು. ನಾನು ಅವತ್ತೇ ತುಮಕೂರಿಗೆ ನುಗ್ಗಿ, ಬೀದಿಯಲ್ಲಿ ನಿಂತು, ಇದೇ ತುಂಬು ಕಂಠದಿಂದ ಕೂಗಾಡುತ್ತಿದ್ದೆ. ಬೀದಿಯವರೆಲ್ಲ ನನ್ನ ದನಿ ಗುರುತು ಹಿಡಿದು ಆಚೆ ಬರುತ್ತಿದ್ದರು. ಅವಳು ಇನ್ನು ಜನ್ಮದಲ್ಲಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ನೀನು ನನ್ನಿಂದ ಅವಳನ್ನು ಕಾಪಾಡಿದೆ. ಬರೆಯಲು ಕಷ್ಟವಾಗುತ್ತದೆ, ಆದರೂ ಬರೆದೆ.

ಅವಳು ಈಗ ಪರವಾಗಿಲ್ಲ. ವಕೀಲರನ್ನು ನೋಡಿದ್ದಾಳೆ. ಇಲ್ಲೇ ಒಂದು ಸ್ಕೂಲಿಗೆ ಅರ್ಜಿ ಹಾಕಿದ್ದಾಳೆ. ನನ್ನ ಆರಾಧನೆ ಮಾತುಗಳು ನಡೆದಿವೆ. ಈಗ ಮನೆಯವರನ್ನು ಒಂದು ಮಾತು ಹೆಚ್ಚಿಗೆ ಕೇಳುತ್ತೇನೆ, "ಇವರ ಬಗ್ಗೆ ಏನು ಹೇಳಬಾರದು?" ಅಂತ. ಎಲ್ಲರ ಮನೆಯಲ್ಲೂ ಒಂದು ಇರುತ್ತದೆ.

ಕೊನೆಯದಾಗಿ, ಅವಳನ್ನು ಕರೆತಂದ ದಿನದ ಸಂಗತಿ. ಇದನ್ನು ಮಂಗಳಾಗೂ ಹೇಳಿಲ್ಲ.

ಫೋನ್ ಬಂದಾಗ ನಾನು ಒಂದು ಆರಾಧನೆಗೆ ಹೊರಟು ನಿಂತಿದ್ದೆ. ಹಾಗೇ ಜುಬ್ಬದಲ್ಲೇ ತುಮಕೂರಿನ ಬಸ್ಸು ಹತ್ತಿದೆ. ಅವಳ ಮನೆಯ ಮುಂದೆ ನಿಮ್ಮ ಸುಧಾ ಮೇಡಂ ಒಬ್ಬ ಲೇಡಿ ಪೊಲೀಸ್ ಜೊತೆ ನಿಂತಿದ್ದರು. ಅವರು ಯಾರು, ಯಾಕೆ ಬಂದಿದ್ದಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ದೀಪಿಕಾ ಒಂದು ಬ್ಯಾಗು ಹಿಡಿದು ಆಚೆ ಬಂದಳು. ಕೆನ್ನೆಯ ಹತ್ತಿರ ನೀಲಿಯಾಗಿತ್ತು. ಚನ್ನೇಶ ಒಳಗಿದ್ದ. ನನ್ನ ಬಾಯಿಗೆ ಏನೇನು ಬಂತೋ ಶಿವನಿಗೇ ಗೊತ್ತು. ಅಷ್ಟರಲ್ಲಿ ಮಗಳು ನನ್ನ ಕಡೆ ನೋಡಿದಳು ಪ್ರಮೀಳಾ. ಅವನಿಗಲ್ಲ, ನನಗೆ ಹೆದರಿದ್ದಳು. ನಾನು ಈಗ ಏನು ಮಾತಾಡಿಬಿಡುತ್ತೇನೋ ಅಂತ.

ಕೈ ಜೇಬಿಗೆ ಹೋಯಿತು. ನಿನ್ನ ಪ್ಯಾಕೆಟ್ಟು. ಒಂದು ಹರಳು ಬಾಯಿಗೆ ಹಾಕಿಕೊಂಡೆ.

ಬ್ಯಾಗು ಎತ್ತಿಕೊಂಡೆ, ಬಸ್‌ಸ್ಟ್ಯಾಂಡಿಗೆ ಬಂದೆವು, ಕುಣಿಗಲ್ ಬಸ್ಸಿನಲ್ಲಿ ಕೂತೆವು. ಅವಳು ಕಿಟಕಿ ಕಡೆ. ಒಂದು ಕರಗಿದರೆ ಇನ್ನೊಂದು ಹಾಕಿಕೊಳ್ಳುತ್ತಾ ಹೋದೆ. ಶುಗರ್ ಮಾತ್ರೆ ಅವತ್ತು ಲೆಕ್ಕಕ್ಕೇ ಬರಲಿಲ್ಲ ಬಿಡು. ಹೆಬ್ಬೂರಿನಲ್ಲಿ ಬಸ್ಸು ನಿಂತಿತು. ಬೇಯಿಸಿದ ಕಡ್ಲೆಕಾಯಿ ಮಾರುವವನು ಹತ್ತಿ ಇಳಿದ. ಅವಳು ಕಿಟಕಿಯಿಂದ ಮುಖ ತಿರುಗಿಸಿ ಬಹಳ ಹೊತ್ತು ನನ್ನನ್ನೇ ನೋಡಿದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಅಷ್ಟು ಹೊತ್ತು ಸುಮ್ಮನೆ ಕಂಡಿರಲಿಲ್ಲ.

"ಅಪ್ಪಾ, ಏನಾದ್ರೂ ಮಾತಾಡಪ್ಪಾ" ಅಂದಳು.

"ಬಾಯಲ್ಲಿ ಕಲ್ಲುಸಕ್ಕರೆ ಇದೆ ಕಣಮ್ಮ" ಅಂದೆ.

ಅವಳು ಕೈ ನೀಡಿದಳು. "ನಂಗೂ ಒಂದ್ ಕೊಡು."

ಕೊಟ್ಟೆ. ಬಾಯಿಗೆ ಹಾಕಿಕೊಂಡು ನನ್ನ ಭುಜಕ್ಕೆ ಒರಗಿದಳು. ಕುಣಿಗಲ್ ಕೆರೆ ಏರಿ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಪ್ಯಾಕೆಟ್ಟು ಖಾಲಿಯಾಗಿದೆ. ಬರುವ ಭಾನುವಾರ ನೀನೂ ಮೋಹನೂ ಇಲ್ಲಿಗೆ ಊಟಕ್ಕೆ ಬನ್ನಿ, ಅವರೆಕಾಯಿ ಬಂದಿದೆ. ಬರುವಾಗ ಒಂದಿಷ್ಟು ಕಲ್ಲುಸಕ್ಕರೆ ತಾ. ಆ ಚಟ್ನಿಪುಡಿಯನ್ನೂ ತಾ.

ನಿನ್ನ ಅಣ್ಣ
ವೀರಭದ್ರಯ್ಯ